ಜೀಪಿಗೆ ಹೆಚ್ಚುವರಿ ವಾರಂಟಿ: ಕೊಳ್ಳಬೇಕೆ, ಬಿಡಬೇಕೆ?

2023ರಿಂದ 2025ರವರೆಗಿನ ಹಂಗಾಮುಗಳಲ್ಲಿ ಕಾಫಿಗೆ ಒಳ್ಳೆಯ ಧಾರಣೆ ಸಿಕ್ಕಿದ್ದರಿಂದ ನಮ್ಮ ಸದಸ್ಯರಲ್ಲಿ ಹಲವರು ಹಳೆಯ ಜೀಪು, ಪಿಕಪ್ಪುಗಳನ್ನು ಕೊಟ್ಟು ಹೊಸವನ್ನು ತಂದಿದ್ದಾರೆ. ಸಂತೋಷದ ವಿಷಯ. ಆದರೆ ವಾಹನದ ಜೊತೆಗೆ ಒಂದು ಪ್ರಶ್ನೆಯೂ ಮನೆಗೆ ಬರುತ್ತಿದೆ. ಬೀಗದ ಕೈ ಕೊಡುವ ಮುನ್ನ ಷೋರೂಮಿನವರು 'ಎಕ್ಸ್‌ಟೆಂಡೆಡ್ ವಾರಂಟಿ' ಎಂಬ ಮತ್ತೊಂದು ಕಾಗದವನ್ನು ಮುಂದಿಡುತ್ತಾರೆ. ಕಂಪನಿ ಕೊಡುವ ವಾರಂಟಿ ಮುಗಿದ ಮೇಲೆ ಇನ್ನೂ ಎರಡು ವರ್ಷವೋ ಮೂರು ವರ್ಷವೋ ರಿಪೇರಿಯ ಹೊಣೆ ತಮ್ಮದೆಂದು ಅದರಲ್ಲಿ ಬರೆದಿರುತ್ತದೆ. ಅದಕ್ಕೆ ಬೇರೆ ಹಣ ಕೊಡಬೇಕು. ವಾಹನ ಯಾವುದು, ಅವಧಿ ಎಷ್ಟು ಎಂಬುದರ ಮೇಲೆ ಆ ಹಣ ಹಲವು ಸಾವಿರ ರೂಪಾಯಿಗಳಷ್ಟಾಗುತ್ತದೆ.

ಈ ಕಾಗದವನ್ನು ಹಿಡಿದು ಸಂಘದ ಕಚೇರಿಗೆ ಬಂದು "ಸಹಿ ಹಾಕಬಹುದೇ?" ಎಂದು ಕೇಳಿದ ಸದಸ್ಯರು ಒಬ್ಬಿಬ್ಬರಲ್ಲ. ಒಬ್ಬೊಬ್ಬರಿಗೂ ಬೇರೆ ಬೇರೆಯಾಗಿ ಹೇಳುವುದಕ್ಕಿಂತ ಎಲ್ಲರಿಗೂ ಸೇರಿ ಇಲ್ಲಿ ನಾಲ್ಕು ಮಾತು ಬರೆಯುವುದು ಲೇಸೆಂದು ತೋರಿತು. ಐದಾರು ಎಕರೆಯ ಬೆಳೆಗಾರನಿಗೆ ಮೂವತ್ತು ಸಾವಿರ ರೂಪಾಯಿ ಎಂದರೆ ಒಂದು ಸಲದ ಗೊಬ್ಬರದ ಹಣ. ಹಾಗೆಯೇ ಕೊಯ್ಲಿನ ನಡುವೆ ಗಾಡಿ ಕೆಟ್ಟು ಲಕ್ಷ ರೂಪಾಯಿಯ ಬಿಲ್ಲು ಬಂದರೆ ಆ ವರ್ಷದ ಲೆಕ್ಕವೇ ಏರುಪೇರಾಗುತ್ತದೆ. ಆದ್ದರಿಂದ ಇದನ್ನು ಷೋರೂಮಿನ ಕುರ್ಚಿಯಲ್ಲಿ ಕುಳಿತು ಐದು ನಿಮಿಷದಲ್ಲಿ ತೀರ್ಮಾನಿಸುವುದು ತರವಲ್ಲ.

ವಿಮೆ ಬೇರೆ, ವಾರಂಟಿ ಬೇರೆ

ಮೊದಲಿಗೆ ಒಂದು ಗೊಂದಲವನ್ನು ನಿವಾರಿಸೋಣ. 1988ರ ಮೋಟಾರು ವಾಹನಗಳ ಕಾಯಿದೆಯಂತೆ ನಾವೆಲ್ಲ ಮಾಡಿಸಲೇಬೇಕಾದ ವಿಮೆ ಥರ್ಡ್ ಪಾರ್ಟಿ ವಿಮೆ. ನಮ್ಮ ವಾಹನದಿಂದ ಇನ್ನೊಬ್ಬರಿಗೆ ಆದ ನಷ್ಟಕ್ಕೆ ಅದು ಹಣ ಕೊಡುತ್ತದೆ. ಅದರ ಜೊತೆಗೆ ಸ್ವಂತ ವಾಹನದ ಹಾನಿಯ ವಿಮೆಯನ್ನೂ ಮಾಡಿಸಿದ್ದರೆ ಅಪಘಾತ, ಬೆಂಕಿ, ಕಳವು, ಪ್ರವಾಹ, ಗುಡ್ಡ ಕುಸಿತಗಳಿಗೆ ಪರಿಹಾರ ಸಿಗುತ್ತದೆ. ಆದರೆ ಓಡುತ್ತ ಓಡುತ್ತ ಒಳಗಿನ ಭಾಗ ತಾನಾಗಿ ಕೆಟ್ಟರೆ ವಿಮೆ ಒಂದು ಕಾಸನ್ನೂ ಕೊಡುವುದಿಲ್ಲ.

ವಾರಂಟಿ ಇದಕ್ಕೆ ತದ್ವಿರುದ್ಧ. ತಯಾರಿಕೆಯ ದೋಷದಿಂದ ಭಾಗ ಕೆಟ್ಟರೆ ಮಾತ್ರ ಅದು ಕೆಲಸಕ್ಕೆ ಬರುತ್ತದೆ. ಗುದ್ದಿದ್ದು, ಮುಳುಗಿದ್ದು, ಸವೆದದ್ದು ಅದರ ಲೆಕ್ಕಕ್ಕೆ ಸೇರವು. ಹೆಚ್ಚುವರಿ ವಾರಂಟಿ ಎಂಬುದು ಇದೇ ಭರವಸೆಯನ್ನು ಮುಂದಿನ ವರ್ಷಗಳಿಗೆ ಎಳೆಯುವ ಕರಾರು. ಅನೇಕ ಸಂದರ್ಭಗಳಲ್ಲಿ ಮೊದಲ ವಾರಂಟಿಯಲ್ಲಿದ್ದ ಭಾಗಗಳೆಲ್ಲ ಇದರಲ್ಲಿ ಇರುವುದೂ ಇಲ್ಲ.

ಇನ್ನೊಂದು ಮಾತು. ಕೊಳೆಗೆ ಬೋರ್ಡೋ ಹೊಡೆಯುವುದು ರೋಗ ಬಾರದಿರಲೆಂದು. ವಾರಂಟಿ ಹಾಗಲ್ಲ. ವಾರಂಟಿ ಕೊಂಡ ಮಾತ್ರಕ್ಕೆ ಗಾಡಿ ಕೆಡುವುದು ನಿಲ್ಲುವುದಿಲ್ಲ. ಕೆಟ್ಟಾಗ ಹಣ ಯಾರು ಕೊಡಬೇಕೆಂಬುದನ್ನು ಮಾತ್ರ ಅದು ನಿರ್ಧರಿಸುತ್ತದೆ.

ನಮ್ಮ ಗಾಡಿ ಕೆಡುವುದು ಯಾವುದರಿಂದ?

ಹೆಚ್ಚುವರಿ ವಾರಂಟಿಯ ಕರಾರುಗಳನ್ನು ಓದಿದರೆ ಅವು ಬಹಳ ಓಡಿ ಕೆಡುವ ವಾಹನಗಳನ್ನು ಕಣ್ಣ ಮುಂದಿಟ್ಟುಕೊಂಡು ಬರೆದವೆಂದು ಗೊತ್ತಾಗುತ್ತದೆ. ಅವಧಿಯನ್ನು 'ಐದು ವರ್ಷ ಅಥವಾ ಒಂದು ಲಕ್ಷ ಕಿಲೋಮೀಟರ್, ಇವುಗಳಲ್ಲಿ ಮೊದಲು ಮುಗಿಯುವುದು' ಎಂಬಂತೆ ಹಾಕಿರುತ್ತಾರೆ. ಪಟ್ಟಣದಿಂದ ಪಟ್ಟಣಕ್ಕೆ ದಿನವೂ ಓಡಾಡುವವನಿಗೆ ಲಕ್ಷ ಕಿಲೋಮೀಟರ್ ಮೂರು ನಾಲ್ಕು ವರ್ಷದ ಮಾತು. ತೋಟದಿಂದ ಪೇಟೆಗೆ, ಕಣದಿಂದ ಮಿಲ್ಲಿಗೆ ಹೋಗಿಬರುವ ನಮ್ಮಂಥವರ ಗಾಡಿ ವರ್ಷಕ್ಕೆ ಏಳು ಸಾವಿರ ಕಿಲೋಮೀಟರ್ ಓಡಿದರೆ ಐದು ವರ್ಷಕ್ಕೆ 35,000 ಆಯಿತು. ಉಳಿದ 65,000 ಕಿಲೋಮೀಟರಿನ ಭರವಸೆಗೆ ನಾವು ಹಣ ಕೊಟ್ಟಿರುತ್ತೇವೆ, ಅದನ್ನು ಬಳಸುವುದೇ ಇಲ್ಲ.

ಹಾಗೆಂದು ನಮ್ಮ ಗಾಡಿಗಳು ಕೆಡುವುದಿಲ್ಲವೆಂದಲ್ಲ. ಅವು ಓಡಿ ಕೆಡುವುದಕ್ಕಿಂತ ಹೆಚ್ಚಾಗಿ ನಿಂತು, ನೆನೆದು, ಕೆಸರಿನಲ್ಲಿ ಹೂತು ಕೆಡುತ್ತವೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆಯಲ್ಲಿ ತಳಭಾಗಕ್ಕೆ ತುಕ್ಕು ಹಿಡಿಯುತ್ತದೆ. ಶೆಡ್ಡಿನಲ್ಲಿ ನಿಂತ ಗಾಡಿಯ ವೈರನ್ನು ಇಲಿ ಕಡಿಯುತ್ತದೆ. ಏರುದಾರಿಯಲ್ಲಿ ಮೂಟೆ ಹೇರಿ ಕ್ಲಚ್ ಪ್ಲೇಟು ಸವೆಯುತ್ತದೆ, ಇಳಿಜಾರಿನಲ್ಲಿ ಬ್ರೇಕು ಸವೆಯುತ್ತದೆ. ಕಲ್ಲು ತಾಗಿ ಇಂಜಿನ್ನಿನ ಕೆಳಗಿನ ಆಯಿಲ್ ಚೇಂಬರು ಒಡೆಯುತ್ತದೆ. ನಿಂತೇ ಇದ್ದ ಬ್ಯಾಟರಿ ಸಾಯುತ್ತದೆ. ಈಗ ಕರಾರಿನ ಕಾಗದ ತೆಗೆದು 'ಇವಕ್ಕೆ ಅನ್ವಯಿಸುವುದಿಲ್ಲ' ಎಂಬ ಭಾಗವನ್ನು ನೋಡಿ. ತುಕ್ಕು, ಇಲಿ ಹೆಗ್ಗಣಗಳ ಕಾಟ, ಕ್ಲಚ್ಚು, ಬ್ರೇಕು, ರಬ್ಬರು, ಬ್ಯಾಟರಿ, ಹೊರಗಿನ ಪೆಟ್ಟು, ನೀರು ಹೊಕ್ಕದ್ದು ಎಲ್ಲವೂ ಸಾಮಾನ್ಯವಾಗಿ ಅಲ್ಲಿಯೇ ಇರುತ್ತವೆ.

ಮುಖ್ಯವಾದ ಮಾತು ಇದೇ. ವಾರಂಟಿ ಒಳ್ಳೆಯದೋ ಕೆಟ್ಟದ್ದೋ ಎಂದು ಕೇಳುವುದಕ್ಕೆ ಮೊದಲು, ನಮ್ಮ ಗಾಡಿ ಕೆಡುವ ರೀತಿಗೂ ಕಾಗದದಲ್ಲಿ ಬರೆದ ರೀತಿಗೂ ಹೊಂದಿಕೆ ಇದೆಯೇ ಎಂದು ಕೇಳಬೇಕು. ಹಳೆಯ ಗಾಡಿಯ ರಿಪೇರಿ ಬಿಲ್ಲುಗಳನ್ನು ಇಟ್ಟುಕೊಂಡ ಸದಸ್ಯರು ಅವನ್ನು ಹೊರತೆಗೆಯಲಿ. ಐದು ವರ್ಷದಲ್ಲಿ ಖರ್ಚಾದ ಹಣದಲ್ಲಿ ಎಷ್ಟು ಈ ಕರಾರಿನಡಿ ಸಿಗುತ್ತಿತ್ತು ಎಂದು ಒಂದೊಂದೇ ಬಿಲ್ಲಿಗೆ ಗುರುತು ಹಾಕಲಿ. ಅರ್ಧ ಗಂಟೆಯ ಕೆಲಸ. ಷೋರೂಮಿನ ಯಾವ ಮಾತಿಗಿಂತಲೂ ಅದು ಹೆಚ್ಚು ತಿಳಿಸುತ್ತದೆ.

ಹೊಳೆ, ಹಳ್ಳ ದಾಟಿ ಮನೆ ಸೇರುವವರಿಗೆ ಇಲ್ಲಿ ಒಂದು ಸೂಚನೆ. ನೀರು ಹೊಕ್ಕ ಇಂಜಿನ್ನನ್ನು ಸ್ಟಾರ್ಟ್ ಮಾಡಿ ಅದು ಒಡೆದರೆ ವಾರಂಟಿಯೂ ಇಲ್ಲ, ಸಾದಾ ವಿಮೆಯೂ ಸಾಮಾನ್ಯವಾಗಿ ಕೈಬಿಡುತ್ತದೆ. ಇದಕ್ಕೆಂದೇ ವಿಮೆಯ ಜೊತೆಗೆ 'ಇಂಜಿನ್ ಪ್ರೊಟೆಕ್ಟ್' ಎಂಬ ಹೆಚ್ಚುವರಿ ರಕ್ಷಣೆ ಸಿಗುತ್ತದೆ. ಅಂಥ ದಾರಿಯವರು ಮೊದಲು ಅದರ ಬಗ್ಗೆ ವಿಚಾರಿಸುವುದು ಮೇಲು.

ಹೊಸ ಇಂಜಿನ್ನಿನ ಮಾತು ಬೇರೆ

ಇಷ್ಟು ಓದಿ ವಾರಂಟಿ ದಂಡವೆಂದು ಯಾರೂ ತೀರ್ಮಾನಿಸಬಾರದು. 1940ರ ದಶಕದ ಕೊನೆಯಿಂದ ಮಹೀಂದ್ರ ಕಂಪನಿ ಬೊಂಬಾಯಿಯಲ್ಲಿ ಜೋಡಿಸತೊಡಗಿದ ವಿಲ್ಲಿಸ್ ಜೀಪಿನಿಂದ ಹಿಡಿದು ಬಹುಕಾಲದವರೆಗೆ ಜೀಪೆಂದರೆ ಪಾನಾ ಹಿಡಿಯಬಲ್ಲ ಯಾವ ಮೆಕ್ಯಾನಿಕ್ಕನಾದರೂ ಬಿಚ್ಚಿ ಕಟ್ಟಬಹುದಾದ ಯಂತ್ರವಾಗಿತ್ತು. ಪೇಟೆಯ ಗ್ಯಾರೇಜಿನಲ್ಲಿ ಸಂಜೆಯೊಳಗೆ ಕೆಲಸ ಮುಗಿಯುತ್ತಿತ್ತು. ಈಗಿನ ಡೀಸೆಲ್ ಇಂಜಿನ್ನು ಹಾಗಿಲ್ಲ. ಅತಿ ಒತ್ತಡದಲ್ಲಿ ಎಣ್ಣೆ ಚಿಮ್ಮಿಸುವ ಇಂಜೆಕ್ಟರು, ಟರ್ಬೊ, ಹತ್ತಾರು ಸೆನ್ಸರು, ಇವನ್ನೆಲ್ಲ ಆಳುವ ಒಂದು ಕಂಪ್ಯೂಟರು ಪೆಟ್ಟಿಗೆ ಇವೆ. 2020ರ ಏಪ್ರಿಲ್ 1ರಿಂದ ದೇಶಾದ್ಯಂತ ಬಿ.ಎಸ್. 6 ನಿಯಮ ಜಾರಿಗೆ ಬಂದ ಮೇಲೆ ಡೀಸೆಲ್ ವಾಹನಗಳಲ್ಲಿ ಹೊಗೆಯ ಮಸಿ ಹಿಡಿಯುವ ಡಿ.ಪಿ.ಎಫ್. ಎಂಬ ಜರಡಿಯೂ ಸೇರಿತು. ಇವುಗಳಲ್ಲಿ ಒಂದು ಭಾಗ ಹೋದರೂ ಬಿಲ್ಲು ಹತ್ತಾರು ಸಾವಿರ. ಊರಿನ ಮೆಕ್ಯಾನಿಕ್ಕನಿಗೆ ಇದನ್ನು ಮುಟ್ಟುವ ಸಲಕರಣೆಯೂ ಇರುವುದಿಲ್ಲ. ಆಟೊಮ್ಯಾಟಿಕ್ ಗಿಯರಿನ ಗಾಡಿ, ನಾಲ್ಕು ಚಕ್ರಕ್ಕೂ ಬಲ ಹಂಚುವ ಗಾಡಿಗಳಿಗೆ ಈ ಮಾತು ಇನ್ನೂ ಹೆಚ್ಚು ಸಲ್ಲುತ್ತದೆ. ಹೆಚ್ಚುವರಿ ವಾರಂಟಿಗೆ ನಿಜವಾದ ಬೆಲೆ ಇರುವುದು ಇಂಥ ಭಾಗಗಳಿಗಾಗಿ. ನಮ್ಮ ಸದಸ್ಯರೊಬ್ಬರ ಪಿಕಪ್ಪಿನಲ್ಲಿ ನಾಲ್ಕನೆಯ ವರ್ಷ ಇಂಜೆಕ್ಟರುಗಳು ಕೆಟ್ಟಾಗ ಕೊಟ್ಟ ಹಣಕ್ಕಿಂತ ಹೆಚ್ಚಿನ ರಿಪೇರಿ ತಕರಾರಿಲ್ಲದೆ ಆಯಿತು.

ಆದರೆ ಡಿ.ಪಿ.ಎಫ್. ವಿಷಯದಲ್ಲಿ ಎಚ್ಚರ ಬೇಕು. ಜರಡಿಯಲ್ಲಿ ಕೂತ ಮಸಿ ಸುಟ್ಟುಹೋಗಬೇಕಾದರೆ ಹೊಗೆ ಚೆನ್ನಾಗಿ ಕಾಯಬೇಕು. ಅಂದರೆ ಗಾಡಿ ಒಂದೇ ಸಮನೆ, ಸಾಕಷ್ಟು ವೇಗದಲ್ಲಿ ಸ್ವಲ್ಪ ಹೊತ್ತು ಓಡಬೇಕು. ತೋಟದೊಳಗೆ ಒಂದನೆಯ ಎರಡನೆಯ ಗಿಯರಿನಲ್ಲೇ ಓಡಾಡಿ, ಐದು ಕಿಲೋಮೀಟರ್ ದೂರದ ಪೇಟೆಗೆ ಹೋಗಿ ಬಂದು ನಿಲ್ಲಿಸುವ ಗಾಡಿಯಲ್ಲಿ ಮಸಿ ತುಂಬುತ್ತಲೇ ಹೋಗುತ್ತದೆ. ಹಾಗೆ ಜರಡಿ ಕಟ್ಟಿದರೆ ಅದು ತಯಾರಿಕೆಯ ದೋಷವಲ್ಲ, ಬಳಕೆಯ ದೋಷವೆಂದು ಹೇಳಲು ಅವರಿಗೆ ಅವಕಾಶವಿದೆ. ಎಚ್ಚರಿಕೆಯ ದೀಪ ಹೊತ್ತಿದಾಗ ಅಲಕ್ಷಿಸದೆ ಕೈಪಿಡಿಯಲ್ಲಿ ಹೇಳಿದಂತೆ ಹೆದ್ದಾರಿಯಲ್ಲಿ ಓಡಿಸಿ ತರುವುದು ವಾರಂಟಿಗಿಂತ ಅಗ್ಗದ ಉಪಾಯ. ಬರೀ ಚಿಕ್ಕ ಓಡಾಟದವರು ಕೊಳ್ಳುವಾಗಲೇ ಪೆಟ್ರೋಲ್ ಗಾಡಿಯ ಬಗ್ಗೆ ಯೋಚಿಸಲಿ.

ಲೆಕ್ಕ ಹಾಕಿ ನೋಡೋಣ

ಲೆಕ್ಕಕ್ಕಾಗಿ ಹೀಗೆ ಹಿಡಿಯೋಣ. ಕಂಪನಿಯ ವಾರಂಟಿ ಮೂರು ವರ್ಷ, ಹೆಚ್ಚುವರಿ ವಾರಂಟಿ ಮುಂದಿನ ಎರಡು ವರ್ಷ, ಅದಕ್ಕೆ 30,000 ರೂಪಾಯಿ. ಇಂದು ಹಣ ಕೊಟ್ಟರೆ ಅದು ಕೆಲಸಕ್ಕೆ ಬರುವುದು ಮೂರು ವರ್ಷದ ನಂತರ. ಅದೇ ಹಣವನ್ನು ನೂರಕ್ಕೆ 7ರ ಬಡ್ಡಿಗೆ ಠೇವಣಿ ಇಟ್ಟರೆ ಮೂರು ವರ್ಷಕ್ಕೆ ಸುಮಾರು 36,750, ಐದು ವರ್ಷಕ್ಕೆ ಸುಮಾರು 42,000 ಆಗುತ್ತದೆ. ಇದೇ ನಮ್ಮ ನಿಜವಾದ ಖರ್ಚು. ವಾಹನ ಸಾಲಕ್ಕೆ ಸೇರಿಸಿ ನೂರಕ್ಕೆ 10ರ ಬಡ್ಡಿಯಲ್ಲಿ ಐದು ವರ್ಷ ಕಂತು ಕಟ್ಟಿದರೆ 30,000ಕ್ಕೆ ಬದಲು ಸುಮಾರು 38,200 ಕಟ್ಟಿರುತ್ತೇವೆ. ಕಂತಿನಲ್ಲಿ ತಿಂಗಳಿಗೆ ಆರುನೂರು ಚಿಲ್ಲರೆ ಹೆಚ್ಚಾದದ್ದು ಕಣ್ಣಿಗೆ ಬೀಳದಿರುವುದರಿಂದ ಅನೇಕರು ಇದಕ್ಕೆ ಒಪ್ಪಿಬಿಡುತ್ತಾರೆ.

ಇನ್ನು ಲಾಭದ ಕಡೆ. ದೊಡ್ಡ ರಿಪೇರಿ ಎಂದರೆ 1,20,000 ರೂಪಾಯಿ ಎಂದುಕೊಳ್ಳೋಣ. ಬಡ್ಡಿಯ ಮಾತು ಬಿಟ್ಟರೂ, 30,000 ಕೊಟ್ಟದ್ದಕ್ಕೆ ಸರಿದೂಗಬೇಕಾದರೆ ಆ ಎರಡು ವರ್ಷಗಳಲ್ಲಿ ನಾಲ್ಕು ಗಾಡಿಗಳಲ್ಲಿ ಒಂದಕ್ಕೆ ಇಂಥ ರಿಪೇರಿ ಬರಬೇಕು, ಅದೂ ಕರಾರಿನೊಳಗಿನ ರಿಪೇರಿಯಾಗಿರಬೇಕು. ಮಾರುವವರು ಕಮಿಷನ್ನು, ಕಚೇರಿ ಖರ್ಚು, ಲಾಭ ಎಲ್ಲವನ್ನೂ ಇದೇ ಹಣದಿಂದ ತೆಗೆಯಬೇಕು. ಆದ್ದರಿಂದ ಕೊಂಡವರೆಲ್ಲ ಸೇರಿ ಕೊಟ್ಟ ಹಣ ಅವರೆಲ್ಲ ಸೇರಿ ಪಡೆಯುವ ಹಣಕ್ಕಿಂತ ಹೆಚ್ಚೇ ಇರಬೇಕು. ಇದರಲ್ಲಿ ಮೋಸವೇನಿಲ್ಲ, ಎಲ್ಲ ವಿಮೆಯ ವ್ಯಾಪಾರವೂ ಹೀಗೆಯೇ ನಡೆಯುವುದು.

ಹಾಗಾದರೆ ಯಾರು ಕೊಳ್ಳಬೇಕು? ಒಮ್ಮೆಲೇ ಬರುವ ದೊಡ್ಡ ಬಿಲ್ಲನ್ನು ತಡೆದುಕೊಳ್ಳಲಾರದವರು ಕೊಳ್ಳಬೇಕು. ಕೈಯಲ್ಲಿ ಲಕ್ಷ ರೂಪಾಯಿ ಉಳಿತಾಯ ಇಟ್ಟುಕೊಂಡವನಿಗೆ ಅದು ಬೇಕಿಲ್ಲ. ಆದರೆ ಒಂದೇ ಗಾಡಿಯನ್ನು ನಂಬಿ, ಸಾಲದ ಕಂತು ಕಟ್ಟುತ್ತ, ಧಾರಣೆ ಬಿದ್ದ ವರ್ಷ ಸಾಮಗ್ರಿಗೂ ತಡಕಾಡುವವನಿಗೆ ಸ್ವಲ್ಪ ನಷ್ಟವಾದರೂ ನೆಮ್ಮದಿ ಕೊಳ್ಳುವುದು ತಪ್ಪಲ್ಲ.

ಕರಾರು ಕೈತಪ್ಪುವ ಬಗೆ

ಹಣ ಕೊಟ್ಟ ಮೇಲೂ ಹಕ್ಕು ಕಳೆದುಕೊಳ್ಳುವ ಸಂದರ್ಭಗಳು ನಮ್ಮ ಕಡೆ ಮೂರು ನಾಲ್ಕಿವೆ.

ಮೊದಲನೆಯದು ಸರ್ವಿಸ್. 'ವರ್ಷಕ್ಕೊಮ್ಮೆ ಅಥವಾ ಹತ್ತು ಸಾವಿರ ಕಿಲೋಮೀಟರಿಗೊಮ್ಮೆ, ಯಾವುದು ಮೊದಲೋ ಅದು' ಎಂಬಂತೆ ನಿಯಮ ಇರುತ್ತದೆ. ನಮ್ಮವರು ಕಿಲೋಮೀಟರ್ ಆಗಿಲ್ಲವೆಂದು ಸರ್ವಿಸ್ ಮುಂದೂಡುತ್ತಾರೆ. ಹೀಗೆ ಒಂದು ವರ್ಷದ ಸರ್ವಿಸ್ ಬಿಟ್ಟಿದ್ದ ಸದಸ್ಯರೊಬ್ಬರಿಗೆ ಗಿಯರ್ ಬಾಕ್ಸ್ ಕೆಟ್ಟಾಗ ಹಕ್ಕು ಸಲ್ಲದೆಂದು ಉತ್ತರ ಬಂತು. ಅದು ಜನವರಿ, ರೋಬಸ್ಟಾ ಕೊಯ್ಲು ನಡೆಯುತ್ತಿದ್ದ ಕಾಲ. ಬಾಡಿಗೆ ಗಾಡಿಯಲ್ಲಿ ಹಣ್ಣು ಸಾಗಿಸಿದ ಖರ್ಚು ಬೇರೆ, ರಿಪೇರಿಯ ಖರ್ಚು ಬೇರೆ.

ಎರಡನೆಯದು ಬದಲಾವಣೆ. ದೊಡ್ಡ ಟೈರು, ಹೆಚ್ಚಿನ ದೀಪ, ವಿಂಚು ಹಾಕಿಸಲು ವೈರು ಕತ್ತರಿಸಿದರೆ ವಿದ್ಯುತ್ ಭಾಗದ ತಕರಾರನ್ನೆಲ್ಲ ಅದರ ತಲೆಗೆ ಕಟ್ಟುತ್ತಾರೆ.

ಮೂರನೆಯದು ಹೊರೆ. ಆರ್.ಸಿ.ಯಲ್ಲಿ ಬರೆದ ತೂಕಕ್ಕಿಂತ ಹೆಚ್ಚು ಮೂಟೆ ಹೇರಿದ್ದು ಗೊತ್ತಾದರೆ ವಾದಕ್ಕೆ ನಮಗೆ ನೆಲೆಯಿಲ್ಲ.

ನಾಲ್ಕನೆಯದು ಬಾಡಿಗೆ ಮತ್ತು ಮೋಜು. ಹೋಂಸ್ಟೇ ನಡೆಸುವ ಸದಸ್ಯರು ಇದನ್ನು ಮುಖ್ಯವಾಗಿ ಗಮನಿಸಬೇಕು. ಮಡಿಕೇರಿಯಿಂದ ಮಾಂದಲಪಟ್ಟಿಗೆ ಪ್ರವಾಸಿಗರು ಜೀಪಿನಲ್ಲಿ ಹೋಗುವುದನ್ನು ಎಲ್ಲರೂ ಬಲ್ಲರು. ಅದರಂತೆಯೇ ತಮ್ಮ ಗುಡ್ಡಕ್ಕೂ ಅತಿಥಿಗಳನ್ನು ಕರೆದೊಯ್ಯುವ ಆಸೆ ಅನೇಕರಿಗಿದೆ. ಬಿಳಿ ಬೋರ್ಡಿನ ಸ್ವಂತ ಗಾಡಿಯಲ್ಲಿ ಹಣ ಪಡೆದು ಜನ ಸಾಗಿಸುವುದು ಕಾಯಿದೆಗೂ ವಿರುದ್ಧ, ವಿಮೆಗೂ ವಾರಂಟಿಗೂ ಅಪಾಯ. ಮಳೆಗಾಲದ ಕೆಸರು ರ್‍ಯಾಲಿ, ಸ್ಪರ್ಧೆಗಳಲ್ಲಿ ಕೆಟ್ಟದ್ದನ್ನೂ ಕರಾರುಗಳು ಹೊರಗಿಡುತ್ತವೆ. ಜಾಹೀರಾತಿನಲ್ಲಿ ಜೀಪು ಬಂಡೆ ಹತ್ತುವ ಚಿತ್ರ ಇರಬಹುದು. ಕರಾರನ್ನು ಓದುವಾಗ ಆ ಚಿತ್ರವನ್ನು ಮರೆಯಬೇಕು.

ಸಹಿಗೆ ಮುನ್ನ ಕೇಳಬೇಕಾದ ಪ್ರಶ್ನೆಗಳು

1. ಈ ಕರಾರು ಯಾರದು? ತಯಾರಿಸಿದ ಕಂಪನಿಯದೋ, ಮಾರಾಟಗಾರನದೋ, ಬೇರೆ ಯಾವುದೋ ಸಂಸ್ಥೆಯದೋ? ಸಾಧ್ಯವಾದರೆ ತಯಾರಕ ಕಂಪನಿಯದ್ದನ್ನೇ ಕೊಳ್ಳಿ. ಬೇರೆಯವರದಾದರೆ ಹಣ ಮಂಜೂರು ಮಾಡುವವರು ಯಾರೆಂದು ಕಾಗದದಲ್ಲಿ ತೋರಿಸಲು ಹೇಳಿ.

2. ಸೇರಿದ ಭಾಗಗಳ ಪಟ್ಟಿ ಕೊಡುತ್ತಾರೆಯೇ? 'ಎಲ್ಲವೂ ಸೇರಿದೆ' ಎಂಬ ಬಾಯಿಮಾತು ಬೇಡ. ಇಂಜೆಕ್ಟರು, ಟರ್ಬೊ, ಕಂಪ್ಯೂಟರು ಪೆಟ್ಟಿಗೆ, ಗಿಯರ್ ಬಾಕ್ಸ್, ಡಿ.ಪಿ.ಎಫ್. ಇವುಗಳ ಹೆಸರು ಇದೆಯೇ ನೋಡಿ. ಕೂಲಿಯೂ ಸೇರಿದೆಯೇ ಕೇಳಿ.

3. ಸರ್ವಿಸ್ ಸೆಂಟರು ಎಷ್ಟು ದೂರ? ಕೆಟ್ಟ ಗಾಡಿಯನ್ನು ಎಳೆದೊಯ್ಯುವ ಖರ್ಚು ಯಾರದು, ಎಷ್ಟು ಕಿಲೋಮೀಟರಿನವರೆಗೆ? 2018ರ ಆಗಸ್ಟಿನಲ್ಲಿ ಗುಡ್ಡ ಕುಸಿದು ಶಿರಾಡಿ ಘಾಟಿಯೂ ಮಡಿಕೇರಿ-ಸಂಪಾಜೆ ರಸ್ತೆಯೂ ಮುಚ್ಚಿದ್ದನ್ನು ನೆನೆಯಿರಿ. ಘಾಟಿಯ ಆಚೆ ಇರುವ ಸರ್ವಿಸ್ ಸೆಂಟರು ಮಳೆಗಾಲದಲ್ಲಿ ನಮಗೆ ಇದ್ದೂ ಇಲ್ಲದಂತೆ.

4. ಇಂದೇ ಕೊಳ್ಳಬೇಕೆ? ಬಹುಪಾಲು ಕಂಪನಿಗಳು ಮೊದಲ ವಾರಂಟಿ ಮುಗಿಯುವುದರೊಳಗೆ ಯಾವಾಗ ಬೇಕಾದರೂ ಕೊಳ್ಳಲು ಬಿಡುತ್ತವೆ. ತಡವಾದಂತೆ ಬೆಲೆ ಏರಬಹುದು, ಗಾಡಿಯ ತಪಾಸಣೆ ಮಾಡಿಸಬೇಕಾಗಬಹುದು. ಆದರೂ ಎರಡು ಮಳೆಗಾಲ ಗಾಡಿ ಹೇಗೆ ನಡೆಯಿತೆಂದು ನೋಡಿ ತೀರ್ಮಾನಿಸುವ ಅನುಕೂಲ ಚಿಕ್ಕದಲ್ಲ.

5. ಗಾಡಿ ಮಾರಿದರೆ ಕರಾರು ಕೊಂಡವನಿಗೆ ವರ್ಗವಾಗುತ್ತದೆಯೇ? ಆಗುವುದಾದರೆ ಮಾರುವಾಗ ಸ್ವಲ್ಪ ಹೆಚ್ಚು ಬೆಲೆ ಸಿಕ್ಕೀತು.

6. ಕಂಪನಿ ಉಳಿಯುತ್ತದೆಯೇ? ಜನರಲ್ ಮೋಟರ್ಸ್ 2017ರಲ್ಲಿ ಭಾರತದಲ್ಲಿ ಮಾರಾಟ ನಿಲ್ಲಿಸಿತು. ಫೋರ್ಡ್ 2021ರಲ್ಲಿ ಇಲ್ಲಿಯ ಕಾರು ತಯಾರಿಕೆ ನಿಲ್ಲಿಸುವುದಾಗಿ ಸಾರಿತು. ಸರ್ವಿಸ್ ಮುಂದುವರಿಸುವುದಾಗಿ ಎರಡೂ ಹೇಳಿದ್ದವು ನಿಜ. ಆದರೂ ನಮ್ಮಂಥ ಒಳನಾಡಿನವರಿಗೆ ಹತ್ತಿರದ ಪೇಟೆಯಲ್ಲಿ ಬಿಡಿಭಾಗ ಸಿಗುವ ಗಾಡಿಯೇ ಒಳ್ಳೆಯ ಖಾತರಿ.

ತಕರಾರು ಬಂದರೆ

ನ್ಯಾಯವಾದ ಹಕ್ಕನ್ನು ನಿರಾಕರಿಸಿದರೆ ಸುಮ್ಮನಿರಬೇಕಾಗಿಲ್ಲ. ಮೊದಲು ನಿರಾಕರಣೆಯ ಕಾರಣವನ್ನು ಬರವಣಿಗೆಯಲ್ಲಿ ಕೇಳಿ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಹೇಳಬಹುದು. 2020ರ ಜುಲೈನಿಂದ ಜಾರಿಯಲ್ಲಿರುವ 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯಂತೆ, ಮಾರಾಟಗಾರ ಎಲ್ಲಿಯವನೇ ಇರಲಿ, ನಾವು ವಾಸವಿರುವ ಜಿಲ್ಲೆಯ ಗ್ರಾಹಕರ ಆಯೋಗದಲ್ಲೇ ದೂರು ಕೊಡಬಹುದು. ಕೊಟ್ಟ ಬೆಲೆ 5 ಲಕ್ಷದೊಳಗಿದ್ದರೆ ಶುಲ್ಕವಿಲ್ಲ. ತಕರಾರು ಹುಟ್ಟಿದ ಎರಡು ವರ್ಷದೊಳಗೆ ದೂರು ಸಲ್ಲಬೇಕು. ವ್ಯಾಪಾರಕ್ಕಾಗಿ ಕೊಂಡವರು ಗ್ರಾಹಕರಲ್ಲವೆಂದು ಎದುರು ಪಕ್ಷ ವಾದಿಸಬಹುದು. ಆದರೆ ಸ್ವಂತ ದುಡಿಮೆಯಿಂದ ಜೀವನೋಪಾಯ ನಡೆಸಲೆಂದೇ ಕೊಂಡದ್ದನ್ನು ಕಾಯಿದೆ ಆ ಮಾತಿನಿಂದ ಹೊರಗಿಟ್ಟಿದೆ.

ಇದಕ್ಕೆಲ್ಲ ಆಧಾರ ಕಾಗದ. ಸರ್ವಿಸ್ ಪುಸ್ತಕ, ಬಿಲ್ಲುಗಳು, ಕರಾರಿನ ಪೂರ್ಣ ಪ್ರತಿ ಇವನ್ನು ತೋಟದ ಪಹಣಿಯಷ್ಟೇ ಜೋಪಾನವಾಗಿ ಇಡಿ.

ನಮ್ಮ ಅಭಿಪ್ರಾಯ

ಹೊಸ ಬಗೆಯ ಡೀಸೆಲ್ ಅಥವಾ ಆಟೊಮ್ಯಾಟಿಕ್ ಗಾಡಿ, ವರ್ಷಕ್ಕೆ ಹದಿನೈದು ಸಾವಿರ ಕಿಲೋಮೀಟರಿಗೆ ಮೇಲ್ಪಟ್ಟ ಓಡಾಟ, ಘಾಟಿ ಇಳಿಯದೆ ಸಿಗುವ ಸರ್ವಿಸ್ ಸೆಂಟರು, ಕೈಯಲ್ಲಿ ಉಳಿತಾಯ ಕಡಿಮೆ, ಐದಾರು ವರ್ಷ ಗಾಡಿ ಇಟ್ಟುಕೊಳ್ಳುವ ಉದ್ದೇಶ. ಇವು ಕೂಡಿಬಂದಲ್ಲಿ ತಯಾರಕ ಕಂಪನಿಯದೇ ಆದ ಹೆಚ್ಚುವರಿ ವಾರಂಟಿಯನ್ನು ಕೊಳ್ಳಬಹುದು. ಕೊಂಡ ಮೇಲೆ ಒಂದು ಸರ್ವಿಸನ್ನೂ ತಪ್ಪಿಸಬಾರದು.

ಓಡಾಟ ಕಡಿಮೆ, ಗಾಡಿ ಸರಳವಾದದ್ದು, ಕೆಡುವುದೆಲ್ಲ ಕ್ಲಚ್ಚು, ಬ್ರೇಕು, ತುಕ್ಕು, ಇಲಿ. ಹೀಗಿದ್ದಲ್ಲಿ ಆ ಹಣವನ್ನು ಬೇರೆ ದಾರಿಗೆ ಹಾಕುವುದೇ ಸರಿ. ತಿಂಗಳಿಗೆ ಒಂದು ಸಾವಿರ ರೂಪಾಯಿಯಂತೆ ಗಾಡಿಯ ಹೆಸರಿನಲ್ಲಿ ಒಂದು ಆರ್.ಡಿ. ಖಾತೆ ತೆರೆಯಿರಿ. ಐದು ವರ್ಷಕ್ಕೆ ಅಸಲೇ 60,000 ಆಗುತ್ತದೆ. ಇಲಿ ಕಡಿದದ್ದಕ್ಕೂ ಅದು ಬರುತ್ತದೆ, ಕ್ಲಚ್ಚಿಗೂ ಬರುತ್ತದೆ. ಏನೂ ಕೆಡದಿದ್ದರೆ ಬಡ್ಡಿ ಸಮೇತ ನಿಮ್ಮಲ್ಲೇ ಉಳಿಯುತ್ತದೆ. ಒಂದು ಕಷ್ಟವೆಂದರೆ ಆ ಹಣವನ್ನು ಮದುವೆ ಮುಂಜಿಗೆ ಮುರಿಯದೆ ಇಡಬೇಕು. ಆ ಬಿಗಿ ತಮಗೆ ಸಾಧ್ಯವಿಲ್ಲವೆಂದು ಬಲ್ಲವರು ವಾರಂಟಿ ಕೊಳ್ಳುವುದೇ ಕ್ಷೇಮ.

ಯಾವುದೇ ಆಗಲಿ, ಕರಾರಿನ ಕಾಗದವನ್ನು ಒಂದು ದಿನ ಮನೆಗೆ ತಂದು ಓದಿದ ಮೇಲೆ ಸಹಿ ಹಾಕಿ. ಓದಲು ಕೊಡುವುದಿಲ್ಲವೆನ್ನುವ ಮಾರಾಟಗಾರನ ಕಾಗದಕ್ಕೆ ಸಹಿ ಬೇಡ. ಇಂಗ್ಲಿಷಿನ ಷರತ್ತುಗಳು ತಿಳಿಯದಿದ್ದರೆ ಸಂತೆಯ ದಿನ ಬರುವಾಗ ಪ್ರತಿಯನ್ನು ಸಂಘದ ಕಚೇರಿಗೆ ತನ್ನಿ. ಕುಳಿತು ಓದಿ ಹೇಳುತ್ತೇವೆ.